ಮುಧೋಳ ನಾಯಿಯ ಮೈ ಆರೈಕೆ

ನಾಯಿಯ ಮೈ ಆರೈಕೆ ಎಂದೊಡನೆ ಪಟ್ಟಣವಾಸಿಗಳಾದ ಶ್ರೋತೃಗಳ ಕಣ್ಣೆದುರಿಗೆ ಪ್ರಾಯಶಃ ನೀಳವಾದ ಕೂದಲಿನ ಪರದೇಶದ ನಾಯಿಯೊಂದು ಬಂದು ನಿಲ್ಲುವುದು. ಅದರ ಪಕ್ಕದಲ್ಲಿ ಕತ್ತರಿ, ಬಾಚಣಿಗೆ, ಸುಗಂಧದ ಪುಡಿ. ನಮ್ಮ ಸೀಮೆಯ ಬೇಟೆನಾಯಿಗೆ ಇವುಗಳಲ್ಲಿ ಒಂದೂ ಬೇಡ. ಅದರ ಕೂದಲು ಗಿಡ್ಡ, ಮೈಗೆ ಅಂಟಿಕೊಂಡಿರತಕ್ಕದ್ದು. ಜಟೆಗಟ್ಟುವುದಿಲ್ಲ, ಕೊಳೆ ಬಹುಕಾಲ ನಿಲ್ಲುವುದಿಲ್ಲ. ಆದುದರಿಂದ ಮುಧೋಳ ನಾಯಿಗೆ ಆರೈಕೆಯ ಅವಶ್ಯಕತೆಯೇ ಇಲ್ಲವೆಂದು ಮರಿಯನ್ನು ಮಾರುವವರು ಹೇಳುತ್ತಾರೆ. ಕೊಳ್ಳುವವರು ಸಂತೋಷದಿಂದ ನಂಬುತ್ತಾರೆ. ನಾವೂ ಹಾಗೆಯೇ ನಂಬಿದ್ದವರು. ಆ ನಂಬಿಕೆ ಅರ್ಧ ಮಾತ್ರ ನಿಜವೆಂಬುದು ನಮಗೆ ತಿಳಿದ ಬಗೆ ಸುಖಕರವಾದುದಲ್ಲ. ಅದನ್ನು ಮುಂದೆ ಹೇಳುವೆವು.

ಮೊದಲು ಈ ನಾಯಿಯ ಪರಿಚಯ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಇವು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಊರುಗಳು. ಕೃಷ್ಣೆ ಘಟಪ್ರಭೆಗಳ ಆಸುಪಾಸಿನ ಎರೆಭೂಮಿ, ಕಬ್ಬು, ಜೋಳ, ನೇಕಾರಿಕೆ ಈ ಸೀಮೆಯ ಜೀವಾಳ. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಮುಧೋಳದಲ್ಲಿ ಘೋರ್ಪಡೆ ಮನೆತನದವರೂ ಜಮಖಂಡಿಯಲ್ಲಿ ಪಟವರ್ಧನ ಮನೆತನದವರೂ ಆಳುತ್ತಿದ್ದರು. ಹಳ್ಳಿಗಾಡಿನ ಬೇಟೆಗಾರರ ಬಳಿ ಇದ್ದ ಈ ತೆಳುಮೈಯ ಓಟದ ನಾಯಿಯನ್ನು ಗುರುತಿಸಿ ಅದರ ತಳಿಯನ್ನು ಪೋಷಿಸಿದ ಕೀರ್ತಿ ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರದು. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೊತೆ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ ಅಂದಿನಿಂದ ಊರಿನ ಹೆಸರೇ ನಾಯಿಗೆ ನಿಂತಿತೆಂದೂ ಪ್ರತೀತಿ. ೨೦೦೫ರಲ್ಲಿ ಅಂಚೆ ಇಲಾಖೆಯವರು ಈ ನಾಯಿಯ ಚಿತ್ರವಿದ್ದ ಅಂಚೆಚೀಟಿಯನ್ನು ಹೊರತಂದರು. ೨೦೧೬ರಲ್ಲಿ ಸೈನ್ಯದವರು ಮರಿಗಳನ್ನು ಮೇರಠಕ್ಕೆ ಒಯ್ದು ಪಳಗಿಸತೊಡಗಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನ ಕೇಂದ್ರವೊಂದು ಈ ತಳಿಗಾಗಿಯೇ ಕೆಲಸಮಾಡುತ್ತಿದೆ. ಇಷ್ಟೆಲ್ಲ ಹೆಸರಾದ ಮೇಲೆ ಪಟ್ಟಣಗಳಿಂದ ಮರಿಗಳಿಗೆ ಬೇಡಿಕೆ ಬಾರದೆ ಇದ್ದೀತೆ? ಹೊಲದಲ್ಲಿ ಹುಟ್ಟಿದ ನಾಯಿ ಈಗ ನುಣುಪು ಕಲ್ಲಿನ ನೆಲದ ಮೇಲೆ, ಕೆಲವೊಮ್ಮೆ ಮೂರನೆಯ ಮಹಡಿಯಲ್ಲಿ, ಬೆಳೆಯುತ್ತಿದೆ.

ತೊಡಕು ಇರುವುದು ಇಲ್ಲಿಯೇ. ಹಳ್ಳಿಯಲ್ಲಿ ಯಾರೂ ಈ ನಾಯಿಯನ್ನು ಕೂಡಿಸಿಕೊಂಡು ಉಗುರು ಕತ್ತರಿಸಿದ್ದನ್ನು ನಾವು ಕಂಡಿಲ್ಲ. ಏಕೆಂದರೆ ಆ ಕೆಲಸವನ್ನು ಭೂಮಿಯೇ ಮಾಡುತ್ತದೆ. ಗರಸು ನೆಲದ ಮೇಲೆ, ಕಲ್ಲುದಾರಿಯ ಮೇಲೆ ದಿನವೂ ಓಡುವ ನಾಯಿಯ ಉಗುರು ತಾನಾಗಿ ಸವೆಯುವುದು. ಕೂಳೆಯ ಹೊಲದಲ್ಲಿ ನುಸುಳಿ ಬರುವಾಗ ಉದುರಬೇಕಾದ ಕೂದಲು ಉದುರುವುದು. ಎಳಬಿಸಿಲಿನಲ್ಲಿ ಮಲಗಿದಾಗ ಮೈಯ ತೇವವೆಲ್ಲ ಆರುವುದು. ನಾಯಿಯ ಅರ್ಧ ಆರೈಕೆಯನ್ನು ಊರೇ ಮಾಡುತ್ತಿತ್ತು. ಅದನ್ನು ಪಟ್ಟಣಕ್ಕೆ ಕರೆತಂದವನು ಆ ಅರ್ಧವನ್ನು ತನ್ನ ಕೈಯಿಂದ ತುಂಬಿಕೊಡಬೇಕು. ಉಳಿದ ಅರ್ಧವಂತೂ ಹಳ್ಳಿಯಲ್ಲಿಯೂ ಮನುಷ್ಯನದೇ.

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ ಮುಧೋಳ ತಾಲ್ಲೂಕಿನ ಹಳ್ಳಿಯೊಂದರಿಂದ ಕಂದುಬಣ್ಣದ ಹೆಣ್ಣು ಮರಿಯೊಂದನ್ನು ಜಮಖಂಡಿಯ ನಮ್ಮ ಮನೆಗೆ ತಂದೆವು. ಬಿಜಲಿ ಎಂದು ಹೆಸರಿಟ್ಟೆವು. ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಅದರ ಬೆನ್ನನ್ನು ಒರೆಸುತ್ತಿದ್ದೆವು, ಮೈ ಪಳಪಳ ಹೊಳೆಯುತ್ತಿತ್ತು, ಬಂದವರು ಹೊಗಳುತ್ತಿದ್ದರು. ಎರಡನೆಯ ವರ್ಷದ ಶ್ರಾವಣದಲ್ಲಿ ಅದು ರೊಟ್ಟಿ ಮುಟ್ಟುವುದನ್ನು ಬಿಟ್ಟಿತು. ಧಗೆಯ ದಿನಗಳು, ಅಜೀರ್ಣವಿರಬಹುದು ಎಂದುಕೊಂಡು ಎರಡು ದಿನ ಮಜ್ಜಿಗೆ ಕೊಟ್ಟೆವು. ಮೂರನೆಯ ದಿನ ತುಟಿ ಎತ್ತಿ ನೋಡಿದರೆ ವಸಡು ಕಾಗದದಂತೆ ಬಿಳಿಚಿತ್ತು. ಪಶುವೈದ್ಯರು ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಮೊದಲು ಮಾಡಿದ್ದು ಅದರ ಕಾಲ್ಬೆರಳುಗಳನ್ನು ಅಗಲಿಸಿ ನೋಡಿದ್ದು. ಒಂದೊಂದು ಸಂದಿನಲ್ಲಿಯೂ ಉಣ್ಣೆಗಳಿದ್ದವು. ಕಿವಿಯ ಒಳಮಡಿಕೆಯಲ್ಲಿ ದ್ರಾಕ್ಷಿಯಂತೆ ಊದಿದ್ದವು. ನಾವು ಒರೆಸುತ್ತಿದ್ದುದು ಬೆನ್ನನ್ನು. ಉಣ್ಣೆಜ್ವರ ರಕ್ತದ ಕೆಂಪುಕಣಗಳನ್ನು ತಿಂದುಹಾಕಿತ್ತು. ವೈದ್ಯರು ಮಾಡಬೇಕಾದುದನ್ನೆಲ್ಲ ಮಾಡಿದರು. ಬಿಜಲಿ ಮರುದಿನದ ಬೆಳಗನ್ನು ಕಾಣಲಿಲ್ಲ.

ತಿಂಗಳ ಮೇಲೆ, ಮರಿ ಕೊಟ್ಟಿದ್ದ ಮುದುಕರನ್ನು ಕಾಣಹೋದಾಗ ಅವರು ನಮ್ಮನ್ನು ಬಯ್ಯಲಿಲ್ಲ. ಹೊಲದಿಂದ ಆಗತಾನೆ ಬಂದಿದ್ದ ತಮ್ಮ ನಾಯಿಯನ್ನು ಕರೆದು, ಮಾತಾಡುತ್ತಲೇ ಅದರ ಮೈಮೇಲೆ ಎರಡೂ ಕೈ ಆಡಿಸತೊಡಗಿದರು. “ಕಣ್ಣಿಲೆ ನೋಡಿದ್ರ ಏನೂ ಕಾಣೂದಿಲ್ಲರೀ ಸಾಹೇಬ್ರ, ಕೈಲೆ ನೋಡಬೇಕು” ಎಂದರು. “ದಿನಾಲೂ ನೋಡ್ತೀರೇನ್ರೀ ಅಜ್ಜಾರ?” ಎಂದು ಕೇಳಿದೆವು. “ಮೊದಲ ಅದರ ಮೈ ನೋಡೂದು, ಆಮ್ಯಾಲೆ ನಮ್ಮ ರೊಟ್ಟಿ” ಎಂದು ಉತ್ತರ ಬಂದಿತು.

ಆ ಕೈಯ ಹಾದಿಯನ್ನು ನಾವು ಅಂದು ಕಂಡಂತೆ, ಬಳಿಕ ಪಶುವೈದ್ಯರಿಂದ ತಿದ್ದಿಕೊಂಡಂತೆ, ಇಲ್ಲಿ ವಿವರಿಸುವೆವು. ನಾಯಿಯನ್ನು ನಿಲ್ಲಿಸಿ, ನಾವು ಅದರ ಮಗ್ಗುಲಲ್ಲಿ ಕೂಡಬೇಕು. ಎದುರಿಗೆ ನಿಂತು ಮೇಲೆ ಬಾಗಿದರೆ ಈ ಜಾತಿಯ ನಾಯಿ ಹಿಂಜರಿಯುವುದು. ಬೆರಳ ತುದಿಗಳನ್ನು ಕೂದಲಿನ ಎದುರು ದಿಕ್ಕಿಗೆ, ಬಾಲದಿಂದ ತಲೆಯ ಕಡೆಗೆ, ಮೆಲ್ಲನೆ ಒತ್ತಿ ನಡೆಸಬೇಕು. ಮೊದಲು ಜೋಲುಕಿವಿಯನ್ನು ಮಗುಚಿ ಒಳಗೂ ಬುಡದ ಮಡಿಕೆಗಳಲ್ಲಿಯೂ ನೋಡುವುದು. ತರುವಾಯ ರೆಪ್ಪೆಯ ಅಂಚು, ಗದ್ದದ ಅಡಿ, ಕೊರಳಪಟ್ಟಿಯ ಕೆಳಗೆ. ಪಟ್ಟಿಯನ್ನು ಬಿಚ್ಚಿಯೇ ನೋಡತಕ್ಕದ್ದು. ಆಮೇಲೆ ಮುಂಗಾಲಿನ ಕಂಕುಳು, ಎದೆಯ ಸೀಳು, ತೊಡೆಯ ಸಂದು, ಬಾಲದ ಬುಡ. ಕಟ್ಟಕಡೆಗೆ ನಾಲ್ಕು ಪಾದ. ಒಂದೊಂದು ಬೆರಳನ್ನೂ ಬಿಡಿಸಿ, ಅಂಗಾಲಿನ ಮೆತ್ತೆಗಳ ನಡುವೆ. ಎರೆಮಣ್ಣು ಅಲ್ಲಿ ಅಂಟಿ ಒಣಗಿದರೆ ಕಲ್ಲಿನಂತಾಗಿ ಚರ್ಮವನ್ನು ಸೀಳುವುದು. ಜಾಲಿಯ ಮುಳ್ಳು, ಹುಲ್ಲಿನ ಕೊಕ್ಕೆಮುಳ್ಳು ಹೊಕ್ಕರೆ ಒಳಗೊಳಗೇ ಕೀವಾಗುವುದು. ಇಷ್ಟಕ್ಕೂ ಹತ್ತು ನಿಮಿಷ ಸಾಕು. ಹೊಸ ಗಂಟು, ಬಾವು, ಕಾವು, ಮುಟ್ಟಿದರೆ ನಾಯಿ ತಲೆ ತಿರುಗಿಸುವ ಎಡೆ, ಇವನ್ನೆಲ್ಲ ಕೈ ದಿನವೂ ಓದುತ್ತಿರುವುದರಿಂದ ಸಣ್ಣ ವ್ಯತ್ಯಾಸವೂ ತಿಳಿಯುವುದು.

ಮೈ ತುಂಬಿದೆಯೋ ಇಳಿದಿದೆಯೋ ಎಂಬುದೂ ಕೈಗೇ ತಿಳಿಯಬೇಕಾದುದು. ಮುಧೋಳ ನಾಯಿಯ ಕೊನೆಯ ಪಕ್ಕೆಲುಬುಗಳೂ ಸೊಂಟದ ಮೂಳೆಯೂ ತುಸು ಕಾಣುವುದು ಸಹಜ. ಇದನ್ನರಿಯದ ನೆರೆಹೊರೆಯವರು “ಪಾಪ, ಹೊಟ್ಟೆಗೆ ಹಾಕುವುದಿಲ್ಲವೇ?” ಎಂದು ಕೇಳಿ ಮನೆಯವರನ್ನು ನಾಚಿಸುವುದುಂಟು. ಆ ನಾಚಿಕೆಗೆ ಓಗೊಟ್ಟು ನಾಯಿಯನ್ನು ದಪ್ಪಮಾಡುವುದು ಅದರ ಕೀಲುಗಳಿಗೆ ಅಪಕಾರ.

ಉಣ್ಣೆ ಸಿಕ್ಕಿತೆನ್ನಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು, ಉಗುರಿನಿಂದ ಚಿವುಟುವುದು, ಇವು ಮೂರೂ ಕೂಡದು. ಗಾಸಿಗೊಂಡ ಉಣ್ಣೆ ತನ್ನ ಹೊಟ್ಟೆಯಲ್ಲಿರುವುದನ್ನು ನಾಯಿಯ ಗಾಯದೊಳಕ್ಕೇ ಕಕ್ಕುವ ಭಯವುಂಟು. ಸಣ್ಣ ಮೂತಿಯ ಚಿಮಟದಿಂದ, ಉಣ್ಣೆಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ಆದಷ್ಟು ಸಮೀಪದಲ್ಲಿ ಅದರ ಬಾಯನ್ನು ಹಿಡಿದು, ತಿರುಚದೆ, ನೇರವಾಗಿ, ನಿಧಾನವಾಗಿ ಎಳೆಯಬೇಕು. ತೆಗೆದುದನ್ನು ನೆಲಕ್ಕೆ ಹಾಕಿ ಹೊಸಕದೆ ಸಾಬೂನುನೀರಿನ ಬಟ್ಟಲಿಗೆ ಹಾಕತಕ್ಕದ್ದು. ಕಚ್ಚಿದ ಎಡೆಯನ್ನೂ ನಮ್ಮ ಕೈಯನ್ನೂ ತೊಳೆಯಬೇಕು. ಕೆಲವು ರೋಗಾಣುಗಳು ಉಣ್ಣೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ನಾಯಿಯ ರಕ್ತಕ್ಕಿಳಿಯುತ್ತವೆ, ಬೇರೆ ಕೆಲವಕ್ಕೆ ಒಂದೆರಡು ದಿನ ಬೇಕು. ವಾರಕ್ಕೊಮ್ಮೆ ನೋಡುವುದಕ್ಕೂ ದಿನವೂ ನೋಡುವುದಕ್ಕೂ ಇರುವ ಅಂತರ ಇದು.

ನಾಯಿಯ ಮೈಮೇಲೆ ಕಾಣುವ ಉಣ್ಣೆಗಳು ಇಡೀ ಪರಿವಾರದ ಅಲ್ಪಭಾಗ ಮಾತ್ರವೆಂಬುದನ್ನು ಅನೇಕರು ಅರಿಯರು. ನಮ್ಮ ದೇಶದಲ್ಲಿ ನಾಯಿಗಳನ್ನು ಹೆಚ್ಚಾಗಿ ಕಾಡುವ ಕಂದು ಉಣ್ಣೆ ತನ್ನ ಜೀವಮಾನದಲ್ಲಿ ಮೂರು ಬಾರಿ ನಾಯಿಯ ರಕ್ತ ಹೀರಿ ಮೂರು ಬಾರಿಯೂ ಕೆಳಗಿಳಿಯುತ್ತದೆ. ಹೊಟ್ಟೆ ತುಂಬಿದ ಹೆಣ್ಣುಣ್ಣೆ ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಮಂಚದ ಸಂದುಗಳನ್ನು ಹುಡುಕಿಕೊಂಡು ಹೋಗಿ ೧೦೦೦ಕ್ಕೂ ಮೇಲ್ಪಟ್ಟು, ಕೆಲವೊಮ್ಮೆ ೪೦೦೦ದಷ್ಟು, ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಬೆಳೆದ ಉಣ್ಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಆದುದರಿಂದ ನಾಯಿಯನ್ನು ತೊಳೆದು ಮನೆಯನ್ನು ಬಿಟ್ಟರೆ ಕೆಲಸ ಮುಗಿದಂತಾಗಲಿಲ್ಲ. ನಾಯಿ ಮಲಗುವ ಎಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ಅದರ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಸುಡುಬಿಸಿಲಿಗೆ ಹರವಬೇಕು. ನಮ್ಮ ಮನೆಯಲ್ಲಿ ಬಿಜಲಿಯ ಗೋಣಿತಟ್ಟನ್ನು ಮಡಚಿದ ಗೋಡೆಯ ಮೂಲೆಯಲ್ಲಿ, ಅದು ಹೋದ ಮೂರು ತಿಂಗಳ ಮೇಲೂ, ಗಸಗಸೆಯಷ್ಟು ಸಣ್ಣ ಉಣ್ಣೆಮರಿಗಳು ಹರಿದಾಡುತ್ತಿದ್ದುದನ್ನು ಕಂಡೆವು.

ಔಷಧಗಳ ವಿಷಯದಲ್ಲಿ ಒಂದು ಎಚ್ಚರ. ದನಗಳ ಉಣ್ಣೆಗೆಂದು ತಂದ ವಿಷದ್ರವವನ್ನು ಅಂದಾಜಿನಿಂದ ನೀರಿಗೆ ಬೆರೆಸಿ ನಾಯಿಗೂ ಬಳಿಯುವ ರೂಢಿ ನಮ್ಮ ಕಡೆ ಇದೆ. ನಾಯಿ ಮೈಯನ್ನು ನೆಕ್ಕುವ ಪ್ರಾಣಿ. ಬಳಿದುದೆಲ್ಲ ಹೊಟ್ಟೆಗೆ ಹೋಗುವುದು. ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಅವುಗಳ ದೇಹ ಕೆಲವು ಮದ್ದುಗಳನ್ನು, ವಿಶೇಷವಾಗಿ ಕೆಲವು ಅರಿವಳಿಕೆಗಳನ್ನು, ಬೇರೆ ನಾಯಿಗಳಷ್ಟು ಬೇಗ ಕರಗಿಸಿಕೊಳ್ಳಲಾರದೆಂಬುದು ಗ್ರೇಹೌಂಡ್ ತಳಿಯಲ್ಲಿ ಚೆನ್ನಾಗಿ ಕಂಡುಬಂದ ಸಂಗತಿ. ಅದೇ ಬಗೆಯ ಮೈಕಟ್ಟಿನ ನಮ್ಮ ನಾಯಿಗೂ ಅದೇ ಎಚ್ಚರ ಇರಲಿ. ಬೆನ್ನಿಗೆ ಬಿಡುವ ಹನಿಯಾಗಲಿ ನುಂಗಿಸುವ ಗುಳಿಗೆಯಾಗಲಿ ನಾಯಿಯನ್ನು ತೂಗಿ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಮನೆಯಲ್ಲಿ ಬೆಕ್ಕೂ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನಾಯಿಗೆ ಹಿತವಾದ ಪರ್ಮೆಥ್ರಿನ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ಬೇವಿನ ಎಣ್ಣೆಯನ್ನು ನಾವು ಹಳಿಯುವುದಿಲ್ಲ, ಆದರೆ ಅದನ್ನೊಂದನ್ನೇ ನೆಚ್ಚಿ ಕೂಡುವವರೊಡನೆ ನಮ್ಮ ಸಮ್ಮತಿಯಿಲ್ಲ.

ಇನ್ನು ಕೂದಲು. ವಾರಕ್ಕೆರಡು ಸಲ ಉಜ್ಜಿದರೆ ಸಾಕು. ಅಂಗಡಿಯ ರಬ್ಬರಿನ ಕೈಗವಸು ಒಳ್ಳೆಯದೇ. ಆದರೆ ರಬಕವಿ-ಬನಹಟ್ಟಿಯ ನೆರೆಯಲ್ಲಿರುವವರು ಅದಕ್ಕಾಗಿ ಹಣ ಕಳೆಯಬೇಕಾದುದಿಲ್ಲ. ಮಗ್ಗದಿಂದ ಬಂದ ಒರಟು ಹತ್ತಿಬಟ್ಟೆಯ ತುಂಡನ್ನು ಅಂಗೈಗೆ ಸುತ್ತಿ ಕೂದಲು ಹರಿದ ದಿಕ್ಕಿಗೆ ಉದ್ದುದ್ದನೆ ತಿಕ್ಕಿದರೆ ಸತ್ತ ಕೂದಲು ಬರುವುದು, ಚರ್ಮದ ಎಣ್ಣೆ ಮೈಗೆಲ್ಲ ಹರಡಿ ಹೊಳಪು ಏರುವುದು. ಕಬ್ಬಿಣದ ಹಲ್ಲಿನ ಬಾಚಣಿಗೆ ಈ ನಾಯಿಯ ತೆಳುಚರ್ಮವನ್ನು ಗೀರುವುದರಿಂದ ವರ್ಜ್ಯ. ಕಿವಿಯಲ್ಲೂ ಬಾಲದಲ್ಲೂ ರೇಷ್ಮೆಯಂಥ ನೀಳಗೂದಲಿರುವ ಪಶ್ಮಿ ಎಂಬ ನಾಯಿ ಬೇರೆ. ಅದಕ್ಕೆ ಮಾತ್ರ ಅಗಲಹಲ್ಲಿನ ಹಣಿಗೆ ಬೇಕು.

ಸ್ನಾನ ತಿಂಗಳಿಗೊಮ್ಮೆ, ಚಳಿಗಾಲದಲ್ಲಿ ಅದಕ್ಕೂ ಕಡಿಮೆ. ಪಟ್ಟಣದವರು ವಾರವಾರವೂ ತೊಳೆದು ಚರ್ಮವನ್ನು ಒಣಗಿಸಿ, ಆಮೇಲೆ ನಾಯಿ ಕೆರೆದುಕೊಳ್ಳುತ್ತದೆಂದು ಮತ್ತೆ ತೊಳೆಯುತ್ತಾರೆ. ಬಟ್ಟೆಸೋಪು ಸರ್ವಥಾ ಬೇಡ. ನಮ್ಮ ಮೈಸೋಪೂ ಬೇಡ. ನಾಯಿಯ ಚರ್ಮ ನಮ್ಮ ಚರ್ಮಕ್ಕಿಂತ ತೆಳ್ಳಗಿದ್ದು, ಅದರ ಆಮ್ಲಗುಣವೂ ನಮ್ಮದಕ್ಕಿಂತ ಕಡಿಮೆ. ನಾಯಿಗೆಂದೇ ಮಾಡಿದ ಶಾಂಪೂ ಸ್ವಲ್ಪ ಸಾಕು. ನೀರು ಉಗುರುಬೆಚ್ಚಗಿರಲಿ, ಕಿವಿಗೆ ಅರಳೆ ಇಟ್ಟಿರಲಿ, ನೊರೆ ಒಂದಿಷ್ಟೂ ಉಳಿಯದಂತೆ ತೊಳೆಯಲಿ. ಈ ನಾಯಿಗೆ ಒಳಗೂದಲಿನ ಹೊದಿಕೆಯಿಲ್ಲ, ಕೊಬ್ಬಿನ ಪದರವೂ ತೆಳು; ಬಯಲುಸೀಮೆಯ ಪುಷ್ಯಮಾಸದ ಗಾಳಿಯಲ್ಲಿ ಒದ್ದೆಮೈಯಿಂದ ನಿಂತರೆ ನಡುಗಿಹೋಗುವುದು. ಬಿಸಿಲೇರಿದ ಮೇಲೆ ಸ್ನಾನ ಮಾಡಿಸಿ, ಕೂಡಲೇ ಒರೆಸಿ, ಹಳೆಯ ಕೌದಿಯೊಂದನ್ನು ಹೊದಿಸಬೇಕು. ಕೌದಿಯ ಇನ್ನೊಂದು ಉಪಯೋಗವೂ ಇದೆ: ಮಾಂಸವಿಲ್ಲದ ಮೊಣಕೈ ಸೊಂಟಗಳು ಗಟ್ಟಿನೆಲಕ್ಕೆ ತಾಗಿ ಕೂದಲುದುರಿ ಕಪ್ಪುಜಡ್ಡು ಕಟ್ಟುವುದನ್ನು ನಾಲ್ಕು ಮಡಿಕೆಯ ಕೌದಿ ತಪ್ಪಿಸುತ್ತದೆ.

ಉಗುರಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದುದು, ಏಕೆಂದರೆ ಪಟ್ಟಣದ ಮುಧೋಳ ನಾಯಿಯ ದೊಡ್ಡ ಕಷ್ಟ ಇದೇ. ನುಣುಪು ನೆಲದ ಮೇಲೆ ಉಗುರು ಸವೆಯದು. ಬೆಳೆದ ಉಗುರು ನೆಲಕ್ಕೆ ತಾಗಿ ಬೆರಳನ್ನು ಹಿಂದಕ್ಕೆ ನೂಕುವುದು. ಪಾದ ಅಗಲಿ, ಓಡುವ ನಾಯಿ ಜಾರಿ, ಬೆರಳು ಉಳುಕುವುದು. ನಡೆಯುವಾಗ ನೆಲದ ಮೇಲೆ ಟಕಟಕ ಸದ್ದು ಕೇಳಿಸಿತೆಂದರೆ ಕತ್ತರಿಸುವ ಕಾಲ ಮೀರಿತೆಂದು ತಿಳಿಯಿರಿ. ಉಗುರಿನೊಳಗೆ ರಕ್ತನಾಳವೂ ನರವೂ ಇರುವ ಜೀವಭಾಗವುಂಟು. ಬಿಳಿಯ ಉಗುರಿನಲ್ಲಿ ಅದು ನಸುಗೆಂಪಾಗಿ ಕಾಣುವುದು, ಕಪ್ಪು ಉಗುರಿನಲ್ಲಿ ಕಾಣದು. ಆದುದರಿಂದ ಅಕ್ಕಿಕಾಳಿನ ಅರ್ಧದಷ್ಟು ತೆಳುವಾಗಿ ಕತ್ತರಿಸುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡುತ್ತ ಹೋಗಬೇಕು. ನಡುವೆ ಬೇರೆ ಬಣ್ಣದ ಚುಕ್ಕೆಯೊಂದು ಮೂಡಿತೋ, ಅಲ್ಲಿಗೆ ನಿಲ್ಲಿಸುವುದು. ತಪ್ಪಿ ರಕ್ತ ಬಂದರೆ ಗಾಬರಿಪಡದೆ ಪಟಕದ ಪುಡಿಯನ್ನು ಅರಳೆಯಲ್ಲಿಟ್ಟು ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಬಹಳ ಬೆಳೆದ ಉಗುರನ್ನು ಒಂದೇ ದಿನದಲ್ಲಿ ಸರಿಪಡಿಸುವ ಸಾಹಸ ಬೇಡ; ವಾರಕ್ಕೊಂದಿಷ್ಟು ತೆಗೆದರೆ ಒಳಗಿನ ಜೀವಭಾಗವೂ ಹಿಂದೆ ಸರಿಯುತ್ತ ಬರುವುದು. ಮುಂಗಾಲಿನ ಒಳಮಗ್ಗುಲಲ್ಲಿ, ನೆಲಕ್ಕೆ ತಾಗದಷ್ಟು ಮೇಲೆ, ಒಂದು ಉಗುರಿರುವುದುಂಟು. ಅದು ಎಲ್ಲಿ ಓಡಿದರೂ ಸವೆಯದು. ಮರೆತರೆ ಬಳೆಯಂತೆ ಸುತ್ತಿ ಮಾಂಸಕ್ಕೇ ಚುಚ್ಚಿಕೊಳ್ಳುವುದು.

ಕಿವಿಯನ್ನು ಕಾಣುವಷ್ಟು ಭಾಗ ಮಾತ್ರ ಒದ್ದೆ ಅರಳೆಯಿಂದ ಒರೆಸುವುದು, ಕಡ್ಡಿ ಹಾಕಬಾರದು. ದುರ್ವಾಸನೆಯಿದ್ದರೆ ವೈದ್ಯರನ್ನು ಕಾಣುವುದು. ಹಲ್ಲಿಗೆ ಮೃದುವಾದ ಬ್ರಷ್, ನಾಯಿಗೆಂದೇ ಇರುವ ಪೇಸ್ಟು. ನಮ್ಮ ಪೇಸ್ಟನ್ನು ನಾಯಿ ಉಗುಳಲಾರದೆ ನುಂಗುವುದು, ಕೆಲವದರಲ್ಲಿ ಸೇರಿಸುವ ಜೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ. ಹಲ್ಲುಜ್ಜುವ ನೆಪದಲ್ಲಿ ವಸಡಿನ ಬಣ್ಣವೂ ದಿನವೂ ಕಣ್ಣಿಗೆ ಬೀಳುವುದು. ನಸುಗೆಂಪು ಮಾಸಿ ಬಿಳಿಚಿದರೆ, ಜ್ವರವಿದ್ದು ಅನ್ನ ಬಿಟ್ಟರೆ, ಮೂಗಿನಲ್ಲಿ ರಕ್ತ ಕಂಡರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಮರುದಿನದವರೆಗೆ ಕಾಯುವಂತಿಲ್ಲ. ಉಣ್ಣೆಜ್ವರಕ್ಕೆ ಔಷಧ ಉಂಟು. ಅದು ಫಲಿಸುವುದು ಬೇಗ ಕೊಟ್ಟಾಗ.

ಇಷ್ಟನ್ನೂ ಮಾಡಗೊಡಲು ನಾಯಿ ಒಪ್ಪಬೇಕಲ್ಲ? ಮುಧೋಳ ನಾಯಿ ಅಭಿಮಾನದ ಪ್ರಾಣಿ. ಪರಿಚಯವಿಲ್ಲದ ಕೈಯನ್ನು ಸಹಿಸದು. ಕಟ್ಟಿಹಾಕಿ ಬಲಾತ್ಕಾರ ಮಾಡಿದವನನ್ನು ಬಹುಕಾಲ ಮರೆಯದು. ಎರಡು ತಿಂಗಳ ಮರಿಯಾಗಿದ್ದಾಗಿನಿಂದಲೇ ದಿನವೂ ಪಾದ ಹಿಡಿದು ಬಿಡುವುದು, ಕಿವಿ ಮಗುಚುವುದು, ತುಟಿ ಎತ್ತುವುದು, ಪ್ರತಿ ಸಲವೂ ರೊಟ್ಟಿಯ ಚೂರೊಂದನ್ನು ಕೊಡುವುದು. ಈ ಆಟ ಕಲಿತ ಮರಿ ದೊಡ್ಡದಾದ ಮೇಲೆ ತಾನೇ ಬಂದು ಕಾಲು ನೀಡುವುದು. ದೊಡ್ಡ ನಾಯಿಯನ್ನು ತಂದವರು ಮೊದಲ ದಿನ ಹೆಗಲನ್ನಷ್ಟೇ ಮುಟ್ಟಿ ಬಿಡಲಿ. ಪಾದದವರೆಗೆ ಕೈ ಇಳಿಯಲು ಒಂದು ತಿಂಗಳಾದರೂ ಆಗಲಿ. ರೇಬೀಸ್ ಚುಚ್ಚುಮದ್ದು ಆಗಿರದ ನಾಯಿಯ ಬಾಯೊಳಗೆ ಬೆರಳಿಡುವುದಂತೂ ಅವಿವೇಕ. ವರ್ಷವರ್ಷವೂ ಅದನ್ನು ಹಾಕಿಸತಕ್ಕದ್ದು. ಹಾಕಿಸಿದ್ದರೂ ಹಲ್ಲು ತಾಗಿ ಗಾಯವಾದರೆ ೧೫ ನಿಮಿಷ ಸಾಬೂನುನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು.

ಕೊರಳಪಟ್ಟಿ ಅಗಲವಾಗಿರಲಿ. ಈ ನಾಯಿಯ ತಲೆ ಕೊರಳಿಗಿಂತ ಹೆಚ್ಚೇನೂ ದಪ್ಪವಿಲ್ಲದ್ದರಿಂದ ಕಿರಿದಾದ ಪಟ್ಟಿ ಸುಲಭವಾಗಿ ಜಾರುತ್ತದೆ. ಬಿಗಿದರೆ ಚರ್ಮ ಕೊಯ್ಯುತ್ತದೆ.

ಈಗ ನಮ್ಮಲ್ಲಿರುವುದು ಅದೇ ಮುದುಕರ ಮನೆಯ ಇನ್ನೊಂದು ಮರಿ. ಅದಕ್ಕೆ ನಾಲ್ಕು ವರ್ಷ ತುಂಬಿತು. ಸಂಜೆ ದೀಪ ಹಚ್ಚಿದ ಮೇಲೆ ಅದು ಕೌದಿಯ ಮೇಲೆ ಬಂದು ನಿಲ್ಲುತ್ತದೆ, ನಾವು ಮಗ್ಗುಲಲ್ಲಿ ಕೂಡುತ್ತೇವೆ. ಕಳೆದ ಮಳೆಗಾಲದಲ್ಲಿ ಹಿಂಗಾಲಿನ ಎರಡನೆಯ ಬೆರಳಿನ ಸಂದಿನಲ್ಲಿ ಸಾಸಿವೆಯಷ್ಟು ಗಡುಸಾದುದೊಂದು ಕೈಗೆ ತಾಗಿತು. ಕಂದೀಲಿನ ಬೆಳಕು ಸಾಲದೆ ಕೈದೀಪ ತರಿಸಿ ನೋಡಿದೆವು. ಉಣ್ಣೆಯೇ, ಇನ್ನೂ ಹೊಟ್ಟೆ ತುಂಬಿರಲಿಲ್ಲ. ಚಿಮಟದಿಂದ ತೆಗೆದು ಬಟ್ಟಲಿಗೆ ಹಾಕಿದೆವು. ನಾಯಿ ಆ ಹೊತ್ತಿಗೆ ಇನ್ನೊಂದು ಕಾಲನ್ನು ಮುಂದೆ ಇಟ್ಟಿತ್ತು.